ಬೆನ್ನು ತಿರುಗಿಸಿ ಹೇಳಿದ ಪಾಠ

ಓದು ಬಿಡುವ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಮಗಳು ಅದನ್ನು ಕ್ಷೌರದ ಅಂಗಡಿಗೇ ತಂದು, ಕತ್ತರಿ ಬಾಚಣಿಗೆಗಳ ಪಕ್ಕ ಇಟ್ಟಳು.

ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಹೋಗಿತ್ತು. ತುಟಿ ನೋಡಿ ಮಾತು ಹಿಡಿಯುವುದನ್ನು ಇದೇ ಅಂಗಡಿಯಲ್ಲಿ ಕಲಿತಳು. ಅಪ್ಪ ಗಿರಾಕಿಯ ಹಿಂದೆ ನಿಂತು ಕನ್ನಡಿ ನೋಡಿಕೊಂಡೇ ಮಾತಾಡುವವನು. ಬೆಂಚಿನ ಮೇಲೆ ಕೂತ ಮಗಳಿಗೆ ಇಬ್ಬರ ತುಟಿಯೂ ಕನ್ನಡಿಯಲ್ಲಿ ಕಾಣುತ್ತಿತ್ತು.

ಹಾಗೆ ಕಲಿತವಳು ವಿಶ್ವವಿದ್ಯಾಲಯದವರೆಗೆ ಹೋದಳು. ಅಲ್ಲಿ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿಯೇ ಪಾಠ ಮುಗಿಸುತ್ತಾರೆ. "ಈ ಕಡೆ ತಿರುಗಿ ಹೇಳಿ ಸಾರ್" ಎಂದು ಕೇಳಿದಳು. "ಒಬ್ಬಳಿಗೋಸ್ಕರ ತಿರುಗಬೇಕಾ?" ಎಂದರು. ಅದೊಂದು ಮಾತಿಗೆ ಮಾತ್ರ ಅವಳ ಕಡೆ ತಿರುಗಿದ್ದರು. ಗೇಟಿನ ಮೇಲೆ 'ಎಲ್ಲರಿಗೂ ಸ್ವಾಗತ' ಎಂದು ಬರೆಸಿದ್ದಾರೆ. ಅದನ್ನು ನೋಡಿದರೆ ಅವಳ ಮೈ ಉರಿಯುತ್ತದೆ.

ಮಗಳು ಇದನ್ನೆಲ್ಲ ಹೇಳಿದಾಗ, "ಹೋಗ್ಲಿ ಬಿಡಮ್ಮ, ದೊಡ್ಡೋರ ಜೊತೆ ನಮಗ್ಯಾಕೆ ಜಗಳ" ಎಂದು ಅಪ್ಪ ಪೆನ್ನು ತೆಗೆದ.

ಮಗನ ಕ್ಷೌರಕ್ಕೆಂದು ಅಂಗಡಿಗೆ ಬಂದಿದ್ದ ಪಕ್ಕದ ಮನೆಯಾಕೆ ಪೆನ್ನು ಕಿತ್ತುಕೊಂಡಳು; ಅವಳು ಅದೇ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುವವಳು. "ಜಗಳ ಅಲ್ಲ ಅಣ್ಣ, ಹಕ್ಕು. ಅಲ್ಲಿ ದೂರು ತಗೊಳ್ಳೋ ವಿಭಾಗ ಇದೆ. ಬರೆದು ಕೊಟ್ಟು, ತಲುಪಿದೆ ಅಂತ ಸಹಿ ಹಾಕಿಸ್ಕೋಬೇಕು. ಪಾಠದ ನೋಟ್ಸು ಮುಂಚೆನೇ ಕೊಡಿ ಅಂತ್ಲೂ ಕೇಳಬಹುದು."

"ಅವರೇನು ಬೇಕು ಅಂತ ಮಾಡ್ತಾರಾ? ಅಭ್ಯಾಸ" ಎಂದ ಅಪ್ಪ.

"ಅಭ್ಯಾಸ ಅವರದು, ಹಾಳಾಗೋ ಓದು ಇವಳದು."

ಅಪ್ಪ ಆ ದಿನ ಸಹಿ ಹಾಕಲಿಲ್ಲ, ದೂರನ್ನೂ ಬರೆಯಲಿಲ್ಲ.

ಆ ಮೇಷ್ಟ್ರೂ ಅದೇ ಅಂಗಡಿಯ ಗಿರಾಕಿ. ಭಾನುವಾರ ಬಂದು ಕೂತರು. ಅಪ್ಪ ಕುರ್ಚಿಯನ್ನು ಕನ್ನಡಿ ಇಲ್ಲದ ಗೋಡೆ ಕಡೆ ತಿರುಗಿಸಿ ಕತ್ತರಿ ಆಡಿಸತೊಡಗಿದ.

"ಏನಪ್ಪಾ, ಕನ್ನಡಿನೇ ಕಾಣ್ತಿಲ್ಲ. ಎಷ್ಟು ತೆಗೀತಿದ್ದೀಯ?"

"ಒಬ್ಬರಿಗೋಸ್ಕರ ಕುರ್ಚಿ ತಿರುಗಿಸಬೇಕಾ ಸಾರ್?"

ಮೇಷ್ಟ್ರ ಕೈ ತಲೆಗೆ ಹೋಯಿತು. ತಿರುಗಿ ನೋಡಿದಾಗ ಬೆಂಚಿನ ಮೇಲಿದ್ದ ಹುಡುಗಿ ಕಣ್ಣಿಗೆ ಬಿದ್ದಳು.

"ನನ್ನ ಮಗಳು. ನಿಮ್ಮ ಕ್ಲಾಸಲ್ಲಿ ಎರಡನೇ ಸಾಲು" ಎಂದು ಅಪ್ಪ ಕುರ್ಚಿಯನ್ನು ಕನ್ನಡಿಗೆ ತಿರುಗಿಸಿದ.

ಮಾರನೇ ದಿನ ಮೇಷ್ಟ್ರು ತಿರುಗಿ ನಿಂತು ಪಾಠ ಹೇಳಿದರು. "ಇನ್ನು ದೂರು ಯಾಕೆ?" ಎಂದ ಅಪ್ಪ.

"ಎಲ್ಲಾ ಮೇಷ್ಟ್ರೂ ನಿನ್ನ ಅಂಗಡಿಗೆ ಬರ್ತಾರಾ ಅಣ್ಣ?" ಎಂದಳು ಪಕ್ಕದ ಮನೆಯಾಕೆ.

ಅಪ್ಪ ಓದು ಬಿಡುವ ಅರ್ಜಿಯನ್ನು ಹರಿದು, ಅಂಗಡಿಗೆ ಬೀಗ ಹಾಕಿ, ಮಗಳ ಜೊತೆ ದೂರು ಕೊಡಲು ಹೊರಟ.

ನಿಮ್ಮ ಮನೆ ಮಗುವಿಗೂ ಯಾರಾದರೂ ಬೆನ್ನು ತೋರಿಸುತ್ತಿದ್ದಾರೆಯೇ? ಓದು ಬಿಡಿಸಬೇಡಿ. ದೂರು ಬರೆಯಿರಿ, ಜೊತೆಗೆ ಹೋಗಿ. ಪಾಠ ಹೇಳುವವರೇ, ತಿರುಗಿ ನಿಲ್ಲಿ. ಅದು ನೀವು ಮಾಡುವ ಉಪಕಾರವಲ್ಲ, ನಿಮ್ಮ ಕೆಲಸ.