ಉಳಿದ ಇಟ್ಟಿಗೆ

ಮೇಸ್ತ್ರಿ ಮುದುಕನಿಗೆ ಅರಳುಮರಳು, ಇಟ್ಟಿಗೆಯ ಲೆಕ್ಕವೆಲ್ಲ ಇವನ ತಲೆಯಲ್ಲಿ ಎಲ್ಲಿ ಉಳಿದಿರುತ್ತದೆ ಎಂದು ಹಲ್ಲು ಕಿರಿಯುವವರು ಮೊದಲು ಬಾಯಿಗೆ ಬೀಗ ಹಾಕಿ. ಆ ಇಟ್ಟಿಗೆ ಹೇರಿಕೊಂಡು ಹೋದ ಲಾರಿ ನನ್ನದು. ಉಳಿದದ್ದನ್ನು ವಾಪಸು ತರಲು ಕರೆಸಿದ್ದೂ ನನ್ನನ್ನೇ. ಮಿಕ್ಕದ್ದನ್ನು ಮೇಸ್ತ್ರಿಯೇ ನನ್ನೆದುರು ಕೂತು ಹೇಳಿದ್ದಾನೆ. ನಿಮ್ಮ ಹಾಗೆ ಅವರಿವರ ಬಾಯಿಂದ ಹೆಕ್ಕಿಕೊಂಡ ಕತೆ ಇದಲ್ಲ.

ಮೇಸ್ತ್ರಿಗೆ ಎಲ್ಲರೂ ಇಟ್ಟಿದ್ದ ಹೆಸರು ರಸಮಟ್ಟ, ಮಟ್ಟ ನೋಡುವ ಆ ನೀರುಗುಳ್ಳೆಯ ಪಟ್ಟಿಯದೇ ಹೆಸರು. ಮಂಚದ ಕಾಲಿಗೆ ಚಕ್ಕೆ ಕೊಟ್ಟು ಮಟ್ಟ ಮಾಡದೆ ಮಲಗುತ್ತಿರಲಿಲ್ಲ, ಅಂಥ ಆಸಾಮಿ. ಮಂಡಿ ಕೈಕೊಟ್ಟ ಮೇಲೆ ಕರಣೆಯನ್ನು ಅಳಿಯನಿಗೆ ಒಪ್ಪಿಸಿ, ಅಂದಾಜು ಹಾಕುವ ಕೆಲಸವನ್ನು ಮಾತ್ರ ತನಗೆ ಇಟ್ಟುಕೊಂಡಿದ್ದ. ಉದ್ದ ಹೇಳಿ, ಎತ್ತರ ಹೇಳಿ, ನೆಲ ಎಂಥದ್ದು ಹೇಳಿ. ಕಣ್ಣು ಮುಚ್ಚಿ ಬೆರಳ ಗೆಣ್ಣು ಮುಟ್ಟುತ್ತ, ಇಷ್ಟು ಇಟ್ಟಿಗೆ, ಇಷ್ಟು ಮೂಟೆ ಸಿಮೆಂಟು, ಇಷ್ಟು ಮರಳು ಎನ್ನುತ್ತಿದ್ದ. ಕೆಲಸ ಮುಗಿದಾಗ ಉಳಿಯುತ್ತಿದ್ದದ್ದು ಒಂದು ಬುಟ್ಟಿ ಚೂರು, ಅಷ್ಟೇ.

ಗೋದಾಮಿನ ಕಾಂಪೌಂಡು ಗೋಡೆಗೂ ಅವನದೇ ಅಂದಾಜು. ಅರವತ್ತು ಅಡಿ ಉದ್ದ, ಆರಡಿ ಎತ್ತರ, ಒಂಬತ್ತಿಂಚು ದಪ್ಪ. ಚದರಡಿಗೆ ಹತ್ತು ಇಟ್ಟಿಗೆಯಂತೆ ಮೂರು ಸಾವಿರದ ಆರುನೂರು. ಜೌಗು ನೆಲ, ಹಾಗಾಗಿ ಮಣ್ಣಿನೊಳಗೆ ಗೋಡೆಯ ಎರಡರಷ್ಟು ಅಗಲದ ಪಾದ, ಮೂರು ವರಸೆ. ಅದಕ್ಕೆ ಸಾವಿರಕ್ಕೆ ತುಸು ಕಡಿಮೆ. ಒಡೆದು ಹಾಳಾಗುವುದಕ್ಕೆ ಮೇಲಿಷ್ಟು.

ಗೋಡೆ ಎದ್ದಿತು. ಅದರ ಹೊರಬದಿಯ ನೆರಳಿಗೆ ಮೇಸ್ತ್ರಿಯ ಮಗಳು ತನ್ನ ಇಸ್ತ್ರಿ ಗಾಡಿ ತಂದು ನಿಲ್ಲಿಸಿಕೊಂಡಳು. ಗಂಡ ಕಟ್ಟಿದ ಗೋಡೆ, ನೆರಳು ಪುಕ್ಕಟೆ.

ಉಳಿದ ಮಾಲು ತರಲು ನಾನು ಹೊರಟಾಗ ಮೇಸ್ತ್ರಿಯೂ ಲಾರಿ ಹತ್ತಿ ಬಂದ. ಇಟ್ಟಿಗೆಯ ರಾಶಿ ಎದೆಯೆತ್ತರಕ್ಕಿತ್ತು. ಅವನ ಮುಖ ಕಪ್ಪಿಟ್ಟಿತು.

“ಇದೇನು ಇಷ್ಟೊಂದು?”

“ನಿಮ್ಮ ಲೆಕ್ಕ ಈ ಸಲ ಜಾರಿಬಿಡ್ತು ಮಾವ,” ಅಳಿಯ ನಕ್ಕ. “ಕಡಿಮೆ ಬಿದ್ದಿದ್ರೆ ಪೇಚಾಟ. ಜಾಸ್ತಿ ಆದ್ರೆ ಏನೀಗ, ಲಾರಿ ಅಣ್ಣನಿಗೆ ಇನ್ನೊಂದು ಬಾಡಿಗೆ.”

“ಸಿಮೆಂಟು?”

“ಅದೂ ಉಳೀತು.”

ಇಟ್ಟಿಗೆ ಮಾತ್ರ ಉಳಿದಿದ್ದರೆ ಮೇಸ್ತ್ರಿ ಬೈದು ಸುಮ್ಮನಾಗುತ್ತಿದ್ದ. ಸಂದಿಗೆ ಗಾರೆ ದಪ್ಪ ಮೆತ್ತಿದರೆ ಇಟ್ಟಿಗೆ ಉಳಿಯುತ್ತದೆ, ಆದರೆ ಸಿಮೆಂಟು ಸಾಲದೆ ಬರುತ್ತದೆ. ಎರಡೂ ಉಳಿದಿವೆಯೆಂದರೆ ಗೋಡೆಯೇ ಎಲ್ಲೋ ಕಡಿಮೆಯಾಗಿದೆ. ಟೇಪು ಹಿಡಿದು ಅಳೆದ. ಉದ್ದ, ಎತ್ತರ, ದಪ್ಪ ಎಲ್ಲ ಸರಿ. ಇನ್ನು ಉಳಿದದ್ದು ಮಣ್ಣಿನೊಳಗಿನದು.

“ಪಾದ ಹಾಕಿದ್ದೀಯಾ?”

“ನನ್ನ ಹೆಂಡ್ತಿ ಇದರ ಬುಡದಲ್ಲೇ ನಿಂತಿರ್ತಾಳೆ ಮಾವ. ಹಾಕದೆ ಬಿಡ್ತೀನಾ?”

ಮೇಸ್ತ್ರಿ ಟೇಪು ಸುತ್ತಿಟ್ಟ. ಮಗಳ ಹತ್ತಿರ ಹೋಗಿ, “ಗಾಡಿ ಆ ಮರದ ಕೆಳಗೆ ಹಾಕ್ಕೋ ತಾಯಿ,” ಎಂದ.

“ಹಕ್ಕಿ ಹಿಕ್ಕೆ ಹಾಕಿದ್ರೆ ಜನರ ಬಿಳಿ ಅಂಗಿ ಯಾರು ಒಗೀತಾರೆ, ನೀನಾ? ಹಣೆ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲಾ ಹುಡುಕ್ತೀಯ. ನಿನ್ನ ಲೆಕ್ಕ ತಪ್ಪಿದ್ರೆ ಅವರ ಮೇಲೆ ಯಾಕಪ್ಪ ಗೂಬೆ ಕೂರಿಸ್ತೀಯ?”

ಮನೆಗೆ ಬಂದು ಮತ್ತೆ ಮತ್ತೆ ಗೆಣ್ಣು ಎಣಿಸಿದ. ಪ್ರತಿ ಸಲವೂ ಅದೇ ಮೊತ್ತ. ಆದರೂ ಒಳಗೆ ಹುಳ ಹೊಕ್ಕಿತ್ತು. ತನ್ನ ಲೆಕ್ಕವನ್ನು ಪೂರ್ತಿ ನಂಬಿದ್ದರೆ ಮಗಳನ್ನು ರಟ್ಟೆ ಹಿಡಿದು ಎಳೆದು ತರುತ್ತಿದ್ದ, ಆ ಗೋಡೆಯ ಬುಡ ಮಾತ್ರ ಮುಟ್ಟುತ್ತಿರಲಿಲ್ಲ. ನಿಂತ ಗೋಡೆಯ ಬುಡ ಕೆದಕಬೇಡಿ ಎಂದು ಜೀವಮಾನವಿಡೀ ಕೆಲಸದವರಿಗೆ ಹೇಳಿದವನು, ಕಣ್ಣಾರೆ ಕಾಣಬೇಕೆಂದು ಗುದ್ದಲಿ ಹಿಡಿದು ಹೋದ.

ಮಗಳು ಊಟಕ್ಕೆ ಹೋಗುವುದನ್ನೇ ಕಾದು, ಗೋದಾಮಿನ ಒಳಬದಿಯಲ್ಲಿ ಅಗೆದ. ಪಾದ ಇರಲಿಲ್ಲ. ಬರೀ ಒಂಬತ್ತಿಂಚಿನ ಗೋಡೆ ನೇರ ಹಸಿ ಮಣ್ಣಿನ ಮೇಲೆ ಕೂತಿತ್ತು. ಆಗ ಅವನಿಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ತಲೆ ಕೆಟ್ಟಿಲ್ಲ ನನಗೆ, ಎಂದುಕೊಂಡ. ಇದೊಂದು ಕಡೆ ಬಿಟ್ಟುಹೋಗಿದೆ ಎಂದಾನು ಅಳಿಯ ಎಂದು ಮುಂದಕ್ಕೂ ಅಗೆಯುತ್ತ ಹೋದ.

ಅಳಿಯ ನೋಡಿ ಓಡಿ ಬಂದ. “ಮಾವ, ಮೇಲೆ ಬನ್ನಿ.”

“ಪಾದ ಎಲ್ಲಿ, ತೋರಿಸು.”

“ಗುಂಡಿ ತುಂಬಾ ನೀರು ಬರ್ತಿತ್ತು. ಗೋದಾಮಿನವ್ರು ಕತ್ತಿನ ಮೇಲೆ ಕೂತಿದ್ರು. ಮಣ್ಣೊಳಗೆ ಯಾರು ನೋಡ್ತಾರೆ ಅಂದ್ಕೊಂಡೆ. ತಪ್ಪಾಯ್ತು, ಸರಿ ಮಾಡ್ತೀನಿ. ನೀವು ಮೊದ್ಲು ಬನ್ನಿ.”

ಕಂಕುಳಿಗೆ ಕೈ ಹಾಕಿ ಮಾವನನ್ನು ಎತ್ತಿ ಆಚೆ ಕೂರಿಸಿದ. ತಾನು ಗುಂಡಿಗಿಳಿದು ಮಣ್ಣು ವಾಪಸು ಎಳೆಯತೊಡಗಿದ. ಮೇಲೆ ಗಾರೆ ಚಿಟಿಲ್ ಎಂದಿತು. ಅಳಿಯ ತಲೆಯೆತ್ತಿ ನೋಡುವಷ್ಟರಲ್ಲಿ ಗೋಡೆ ಒಳಬದಿಗೆ ಮಗುಚಿ ಅವನ ಮೇಲೆ ಬಿತ್ತು.

ಹೊರಬದಿಯಲ್ಲಿ ಇಸ್ತ್ರಿ ಗಾಡಿಗೆ ಒಂದು ಗೀರೂ ಇಲ್ಲ. ಪೆಟ್ಟಿಗೆಯ ಕೆಂಡ ಇನ್ನೂ ಆರಿರಲಿಲ್ಲ. ಮಗಳು ಕೈ ಒರೆಸಿಕೊಳ್ಳುತ್ತ ಬಂದವಳು ಗೋಡೆಯಿದ್ದ ಕಡೆ ಬಯಲನ್ನು ನೋಡಿದಳು. ಅದರಾಚೆ ಗುದ್ದಲಿಯ ಪಕ್ಕ ಕೂತಿದ್ದ ಅಪ್ಪನನ್ನು ನೋಡಿದಳು.

ಗೋಡೆ ಗಟ್ಟಿಯಾಗಿಯೇ ಇತ್ತು, ಮುದುಕ ಅಗೆದು ಕೆಡವಿದ ಎಂದರು ಗೋದಾಮಿನವರು. ಅವಸರದಲ್ಲಿ ಬಿದ್ದ ಗೋಡೆಯ ರಾಶಿ ತೆಗೆಸಿ, ಬುಡ ಯಾರಿಗೂ ಕಾಣದಂತೆ ಗುಂಡಿಗೆ ಮಣ್ಣೆಳೆಸಿಬಿಟ್ಟರು. ಜನವೂ ಅದನ್ನೇ ಅಂದಿತು. ಮಗಳು ಒಂದೇ ಕೇಳಿದಳು: “ನೀನು ಅಗೀದೆ ಇದ್ದಿದ್ರೆ ಅವರು ಇರ್ತಿದ್ರಾ?”

ಪಾದವಿರಲಿಲ್ಲ ಎನ್ನಲು ಅವನ ನಾಲಿಗೆ ತುದಿಗೆ ಬಂತು. ಹೇಳಿದರೆ ಸತ್ತವನ ಮೇಲೆ ಹಾಕಿ ತಾನು ಜಾರಿಕೊಂಡ ಹಾಗೆ. ಅಲ್ಲದೆ, ನಿನ್ನ ತಲೆಯ ಮೇಲೆ ಬೀಳುವ ಗೋಡೆಯನ್ನು ನಿನ್ನ ಗಂಡನೇ ಕಟ್ಟಿದ್ದ ಎಂದು ಯಾವ ಬಾಯಲ್ಲಿ ಹೇಳುವುದು?

“ಇರ್ತಿದ್ದ,” ಎಂದ.

ಅವಳು ಅಪ್ಪನ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವನು ಅಂದಾಜು ಹಾಕುವುದನ್ನು ಬಿಟ್ಟ. ಕೇಳಲು ಬಂದವರಿಗೆ ನನ್ನ ಲೆಕ್ಕ ತಪ್ಪುತ್ತದೆ, ಬೇರೆಯವರನ್ನು ನೋಡಿ ಎನ್ನುತ್ತಿದ್ದ. ಹೋದ ವಾರ ಅವನ ಹೆಣ ಎತ್ತುವಾಗಲೂ ಮಗಳು ಬರಲಿಲ್ಲ.

ಬಾಯಿ ಬಿಡಬೇಡ ಎಂದಿದ್ದ. ಅವನಿರುವ ತನಕ ಬಿಡಲಿಲ್ಲ. ಇನ್ನು ಯಾರಿಗಾಗಿ ಮುಚ್ಚಿಡಲಿ? ಅವನು ಗುದ್ದಲಿ ಹಿಡಿಯುವ ಮೊದಲೇ ಆ ಇಟ್ಟಿಗೆ ಉಳಿದಿತ್ತು, ನನ್ನ ಲಾರಿಗೇ ತುಂಬಿದ್ದು. ಮಗಳು ಈಗ ಯಾವ ಬೀದಿಯಲ್ಲಿ ಗಾಡಿ ನಿಲ್ಲಿಸುತ್ತಾಳೋ ನನಗೆ ಗೊತ್ತಿಲ್ಲ, ಅವಳ ನಂಬರೂ ನನ್ನ ಹತ್ತಿರ ಇಲ್ಲ. ಗೊತ್ತಿದ್ದವರು ಇದನ್ನು ಅವಳಿಗೆ ಕಳಿಸಿ. ಗೊತ್ತಿಲ್ಲದವರು ಗೊತ್ತಿರುವವರಿಗೆ ಕಳಿಸಿ.