ಐದು ಎಕ್ಕ

ಬ್ರಿಜ್ ಬಿಡ್ಡಿನ ಕೆಂಪಕ್ಷರದ ಚೀಟಿ ಮೇಜಿನ ಹಸಿರು ಬಟ್ಟೆಯ ಮೇಲೆ ಬಿದ್ದಿದೆ, ಐದು ಆಟೀನು, ಅಂದರೆ ನನ್ನಲ್ಲಿ ಎರಡು ಎಕ್ಕ ಇವೆ ಎಂದು ಎಕ್ಕ ಎಷ್ಟಿವೆ ಎಂಬ ಬಿಡ್ಡಿಗೆ ಎದುರಿಗೆ ಕೂತ ಜೊತೆಗಾರ ಚಕ್ರಪಾಣಿಯ ಉತ್ತರ, ಏಕಾಂತಯ್ಯ ತನ್ನ ಎಲೆಗಳನ್ನು ಮತ್ತೆ ನೋಡಿಕೊಂಡ, ಇಸ್ಪೇಟು, ಆಟೀನು, ಕಳಾವರ್, ಮೂರು ಎಕ್ಕ ತನ್ನ ಕೈಯಲ್ಲೇ ಇವೆ, ಮೂರೂ ಎರಡೂ ಐದು, ಯಾವ ಕಟ್ಟಿನಲ್ಲಿ ಐದು ಎಕ್ಕ ಇರುತ್ತವೆ — ಹೊರಗೆ ರಾಜಾಜಿನಗರದ ರಸ್ತೆಯಲ್ಲಿ ಮೆಟ್ರೋ ಕಂಬಕ್ಕೆ ನೆಲ ಕೊರೆಯುತ್ತಿದ್ದಾರೆ, ಕ್ಲಬ್ಬಿನ ಕಿಟಕಿ ಗುಂಯ್‌ಗುಡುತ್ತಿದೆ, ಆ ಸದ್ದಿಗೆ ಚೀಟಿ ತಪ್ಪಿ ತೆಗೆದನೇ, ಇಲ್ಲ, ಸದ್ದಿನ ಮೇಲೆ ಹಾಕುವುದು ಬೇಡ, ಹೋದ ತಿಂಗಳು ಮಾರೇನಹಳ್ಳಿಯ ಮನೆಗೆ ಹೊರಟವನು ನಾಯಂಡಹಳ್ಳಿಯ ಗ್ಯಾರೇಜುಗಳ ನಡುವೆ ಸಿಕ್ಕಿದ್ದ, ಒಂದೇ ಕಾಲಿಗೆ ಚಪ್ಪಲಿ, ಏಕಾಂತ, ಈ ರೋಡು ಯಾವಾಗ ಮಾಡಿದ್ರೋ, ಅಂದಿದ್ದ, ಇಬ್ಬರೂ ನಕ್ಕುಬಿಟ್ಟಿದ್ದರು, ಯಾಕೆ ನಕ್ಕೆವೋ — ಅವತ್ತು ಮನೆಗೆ ಬಿಟ್ಟಾಗ ಬಾಗಿಲಲ್ಲಿ ನಿಂತು ಅವನ ಹೆಂಡತಿ ವಿಮಲಮ್ಮ, ಊಟ ಮಾಡಿದ್ದು ಮರೀತಾರೆ, ಮಗಳ ಹೆಸರು ಮರೀತಾರೆ, ಎಲೆ ಮಾತ್ರ ಮರೆಯಲ್ಲ ಕಣ್ರೀ, ಅದೊಂದನ್ನ ಕಿತ್ಕೋಬೇಡಿ. ಸಾರ್, ನಿಮ್ಮ ಬಿಡ್ಡು, ಎಡಗಡೆಯ ಎದುರಾಳಿ ಗಿರಿರಾಜ್ ಮೆಲ್ಲಗೆ ಹೇಳಿದ, ಫೈನಲ್ಲಿನ ಕೊನೆಯ ಆಟ, ಐದು ಇಸ್ಪೇಟಿಗೆ ನಿಂತರೆ ಕಪ್ ತಮ್ಮದು, ಆರಕ್ಕೆ ಹೋದರೆ ಸ್ಲ್ಯಾಮ್, ಹದಿಮೂರು ಸುತ್ತಿನಲ್ಲಿ ಹನ್ನೆರಡು ಟ್ರಿಕ್ಕು ಗೆಲ್ಲಬೇಕು, ತಪ್ಪಿದರೆ ಕಪ್ ಹೋಯಿತು, ಆದರೆ ನಿಂತುಬಿಟ್ಟರೆ ಚಕ್ರಪಾಣಿ ಕೇಳುತ್ತಾನೆ, ಎರಡು ಎಕ್ಕ ತೋರಿಸಿದ್ನಲ್ಲೋ, ನನ್ನ ಮೇಲೆ ನಂಬಿಕೆ ಇಲ್ವಾ, ತಲೆ ಕಪ್ಪಗಿದ್ದ ಕಾಲದಿಂದ ಇವನೆದುರಿಗೇ ಕೂತು ಆಡಿದ್ದು, ತಾನು ತಪ್ಪಿ ಆಡಿದ ದಿನವೂ ಹುಬ್ಬೆತ್ತಿದವನಲ್ಲ, ಈ ಮುಖಕ್ಕೆ ಹೇಗೆ ಹೇಳುವುದು — ಏಕಾಂತಯ್ಯನ ಬೆರಳು ಆರು ಇಸ್ಪೇಟಿನ ಚೀಟಿ ಎಳೆಯಿತು, ಇಟ್ಟಿತು, ಎಲ್ಲರೂ ಪಾಸ್. ಗಿರಿರಾಜ್ ಮೊದಲ ಎಲೆ ಹಾಕಿದ, ಡೈಮನ್ ಎಕ್ಕ. ಉಳಿದಿದ್ದ ಒಂದೇ ಎಕ್ಕ, ಅದೂ ಅಲ್ಲಿದೆ, ಹಾಗಾದರೆ ಚಕ್ರಪಾಣಿಯಲ್ಲಿ ಒಂದೂ ಇಲ್ಲ. ಚಕ್ರಪಾಣಿ, ಇನ್ನು ಏಕಾಂತಯ್ಯನೇ ಆಡಿಸಬೇಕಾದ ತನ್ನ ಎಲೆಗಳನ್ನು ನಿಧಾನವಾಗಿ ಬಿಡಿಸಿಟ್ಟ, ಮದುವೆ ಮನೆಯಲ್ಲಿ ತಾಂಬೂಲ ಜೋಡಿಸುವವನ ಹಾಗೆ, ಕಳಾವರ್ ರಾಜನನ್ನೂ ಡೈಮನ್ ರಾಜನನ್ನೂ ಸ್ವಲ್ಪ ಮುಂದಕ್ಕೆ ಸರಿಸಿದ, ನೋಡು ಏಕಾಂತ, ಹೇಳಿದ್ನಲ್ಲ, ಎರಡು ಎಕ್ಕ. ಗಿರಿರಾಜ್ ತಲೆ ತಗ್ಗಿಸಿದ. ಥ್ಯಾಂಕ್ಯೂ ಪಾರ್ಟ್ನರ್, ಅಂದ ಏಕಾಂತಯ್ಯ, ಲೆಕ್ಕ ಮಾತ್ರ ತನ್ನಷ್ಟಕ್ಕೆ ನಡೆಯುತ್ತಿತ್ತು, ಈ ಒಂದು ಹೋದರೆ ಹೋಗಲಿ, ಉಳಿದ ಹನ್ನೆರಡೂ ತಮ್ಮವೇ, ಕಪ್ಪೂ ತಮ್ಮದೇ, ಗೆದ್ದೆವು, ಎಲೆ ಹಾಕಬೇಕು, ಚಕ್ರಪಾಣಿಯ ಎಲೆಗಳಲ್ಲಿ ಮೊದಲು ಯಾವುದನ್ನು ಹಾಕಲು ಹೇಳುವುದು, ಸಣ್ಣ ಡೈಮನ್, ಬಾಯಿ ತೆರೆದರೆ ಸಾಕು, ತೆರೆಯುತ್ತಿಲ್ಲ, ಪಕ್ಕಕ್ಕೆ ಮುಖ ತಿರುಗಿಸಿದ ಡೈಮನ್ ರಾಜ, ಅವನ ಒಂಟಿ ಕಣ್ಣು, ಆ ಕಣ್ಣಿನ ಮೇಲೆ ಚಕ್ರಪಾಣಿಯ ಬೆರಳು, ಒಂಟಿ ಕಣ್ಣು, ಬೆರಳು —