ಕಸದ ಬುಟ್ಟಿಯಲ್ಲಿ ಅತ್ತೆಯ ದನಿ

ರಾಟೆ ತಿರುಗುತ್ತಿತ್ತು. ಭುವನಾಳ ಎಡಗೈ ಬೆರಳುಗಳ ನಡುವಿನಿಂದ ಅರಿಶಿನ ಬಣ್ಣದ ರೇಷ್ಮೆ ಎಳೆ ಜಾರಿ, ಲಾಳಿಯೊಳಗೆ ಇಡುವ ಕಂಡಿಕೆಗೆ ಸುತ್ತಿಕೊಳ್ಳುತ್ತಿತ್ತು. ಕಂಡಿಕೆ ತುಂಬಿದರೆ ಅದನ್ನು ಕಿತ್ತು ಬುಟ್ಟಿಗೆ ಹಾಕಬೇಕು, ಇನ್ನೊಂದನ್ನು ಕದಿರಿಗೆ ಸಿಕ್ಕಿಸಬೇಕು. ಅಷ್ಟರಲ್ಲಿ ಒಳಗಿನ ಮಗ್ಗದ ಗುಂಡಿಯಿಂದ ಗಂಡ ಕೃಷ್ಣಪ್ರಸಾದ್ "ಕಂಡಿಕೆ!" ಎಂದು ಕೂಗುತ್ತಾನೆ. ಮಧ್ಯದಲ್ಲಿ ಎದ್ದರೆ ಎಳೆ ಸಡಿಲವಾಗಿ ಸಿಕ್ಕು ಬೀಳುತ್ತದೆ. ಆದ್ದರಿಂದ ನಾದಿನಿ ವಾಣಿ ಬಂದು, ಗೂಡಿನಲ್ಲಿದ್ದ ಫೋನನ್ನು ತಾನೇ ತೆಗೆದುಕೊಂಡು ಬಾಗಿಲ ಬಳಿ ಕೂತಾಗ ಭುವನಾ ಏಳಲಿಲ್ಲ. ಏಳಲು ಆಗಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು.

"ಪಾಸ್‌ವರ್ಡ್ ಏನತ್ತಿಗೆ?"

"ಪಾಸ್‌ವರ್ಡ್ ಆಕಿಲ್ಲ ವಾಣಿ. ಆದ್ರೆ ಅದ್ರಾಗೆ ಏನೂ ಇಲ್ಲ. ನಾನೇ ಏಳಿದ್ನಲ್ಲ, ಬೆರಳು ತಾಕಿ ಆ ವಿಡಿಯೋ ಡಿಲೀಟ್ ಆಗೋಯ್ತು ಅಂತ."

"ಡಿಲೀಟ್ ಆದ್ರೆ ಎಲ್ಲಿಗೂ ಓಗಲ್ಲ ಅತ್ತಿಗೆ. ಕಸದ ಬುಟ್ಟಿ ಇದ್ದಂಗೆ ಒಂದೈತೆ ಒಳಗೆ. ಅದ್ರಾಗೆ ಬಿದ್ದಿರ್ತದೆ, ಒಂದು ತಿಂಗಳು. ನಮ್ಮ ಕ್ವಾರ್ಟರ್ಸ್‌ನಾಗೆ ಎಲ್ಲಾರಿಗೂ ನಾನೇ ತೆಗೆದುಕೊಡೋದು. ಕವಲೈ ಪಡಾದೀಂಗ!" ಎಂದು ವಾಣಿ ನಕ್ಕಳು.

ಚಿಂತೆ ಬೇಡ ಅಂದಳು. ಭುವನಾಳ ಕೈಯಲ್ಲಿ ಎಳೆ ಕಿತ್ತುಹೋಯಿತು.

ಕಸದ ಬುಟ್ಟಿಯ ವಿಷಯ ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅದನ್ನೂ ಖಾಲಿ ಮಾಡಿರುತ್ತಿದ್ದಳು. ಯಾಕೆಂದರೆ ಬೆರಳು ತಾಕಿರಲಿಲ್ಲ. ಹೋದ ವಾರ ವಾಣಿ ಮೆಟ್ಟೂರಿನಿಂದ ಫೋನ್ ಮಾಡಿ, ಅಮ್ಮ ತೀರಿಕೊಂಡ ವರ್ಷದ ದಿನ ಹತ್ತಿರ ಬಂತು, ಗೋಡೆಗೆ ಹಾಕಲು ಫೋಟೋ ಇದೆ, ಆದರೆ ಅವಳ ಒಂದು ಮಾತಾದರೂ ನನ್ನ ಹತ್ತಿರ ಇಲ್ಲವಲ್ಲ ಎಂದು ಅತ್ತಿದ್ದಳು. ಆ ಅಳು ಕೇಳಲಾರದೆ ಭುವನಾಳ ಬಾಯಿಂದ ಮಾತು ಜಾರಿಬಿಟ್ಟಿತ್ತು. "ನನ್ನ ಫೋನ್‌ನಾಗೆ ಒಂದೈತೆ ಕಣೇ. ಅತ್ತೆ ಮಾತಾಡಿದ್ದು." ಫೋನ್ ಇಟ್ಟಮೇಲೆ ತಾನೇನು ಹೇಳಿಬಿಟ್ಟೆನೆಂದು ಹೊಳೆಯಿತು. ಆ ವಿಡಿಯೋವನ್ನು ಕೊನೆಯ ಸಲವೆಂದು ನೋಡಿ, ಅಳಿಸಿ, ಮರುದಿನ ವಾಣಿಗೆ ಸುಳ್ಳು ಹೇಳಿದ್ದಳು.

ವಿಡಿಯೋದಲ್ಲಿ ಅತ್ತೆ ಕಾಣುವುದಿಲ್ಲ. ಅವರ ದನಿ ಮಾತ್ರ ಇದೆ. ಕಾಣುವವಳು ಭುವನಾ. ಅವಳ ಮೈಮೇಲೆ ವಾಣಿಯ ಮಗಳು ತಮಿಳ್‌ಸೆಲ್ವಿಯ ಮುಹೂರ್ತದ ಸೀರೆ ಇದೆ.

ಗುಗೈ ಪೇಟೆಯ ಈ ಬೀದಿಯಲ್ಲಿ ಮಗ್ಗವಿರುವ ಯಾವ ಮನೆಯಲ್ಲೂ ಹಾಗೆ ಮಾಡುವುದಿಲ್ಲ. ಮಗ್ಗದಿಂದ ಕೊಯ್ದ ಸೀರೆ ದೇವರ ಮುಂದೆ ಹೋಗುತ್ತದೆ, ಮೂಲೆಗೆ ಅರಿಶಿನ ಕುಂಕುಮ ಮುಟ್ಟಿಸಿ ಮಡಿಸುತ್ತಾರೆ, ಹೊರಗೆ ಕಳಿಸುತ್ತಾರೆ. ಮದುವೆ ಸೀರೆಗೆ ಮೊದಲ ಮೈ ಮದುವಣಗಿತ್ತಿಯದೇ ಆಗಬೇಕು ಎಂದು ಅತ್ತೆ ವೆಂಕಟಲಕ್ಷ್ಮಮ್ಮ ಹೇಳುತ್ತಿದ್ದರು. ನೇಯುವವರ ಮನೆ ಹೆಂಗಸು ಹೆಗಲಿಗೂ ಹಾಕಿಕೊಳ್ಳಬಾರದು. ಅದರಲ್ಲೂ ಸೆಲ್ವಿಯದು ಸೋದರಮಾವನ ಉಡುಗೊರೆ. ನೂಲು ಕೊಟ್ಟು ಕೂಲಿಗೆ ನೇಯಿಸುವ ಕುಪ್ಪಸ್ವಾಮಿ ಮುದಲಾಳಿಯ ಕೆಲಸವನ್ನು ಬದಿಗಿಟ್ಟು ಕೃಷ್ಣಪ್ರಸಾದ್ ತಾನೇ ಬಣ್ಣ ಆರಿಸಿ ನೇಯ್ದ ಅರಗು ಬಣ್ಣದ ಸೀರೆ. ಅದರ ಪ್ರತಿ ಕಂಡಿಕೆ ಸುತ್ತಿದ್ದು ಭುವನಾ. ಮಗ್ಗದ ಮೇಲೆ ಸೀರೆ ಮಗುಚಿಕೊಂಡಿರುತ್ತದೆ, ನೇಯುವವರಿಗೆ ಕಾಣುವುದು ಅದರ ಒಳಮೈ. ಅದರ ಮುಖ ಹೇಗಿದೆಯೆಂದು ಒಮ್ಮೆ ನೋಡಬೇಕೆನ್ನಿಸಿತು. ಗಂಡ ಸಂತೆಗೆ ಹೋಗಿದ್ದ. ಅತ್ತೆ ಮಲಗಿದ್ದಾರೆ ಅಂದುಕೊಂಡಿದ್ದಳು. ಫೋನನ್ನು ಕನ್ನಡಿಯ ಪಕ್ಕ ಒರಗಿಸಿ ಉಟ್ಟುಕೊಂಡಳು.

ಆ ಮದುವೆಯಾದ ಮೇಲೆ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. ದೀಪಾವಳಿಯ ಐಪ್ಪಸಿ ತಿಂಗಳಲ್ಲಿ ತೀರಿಕೊಂಡರು. ಹೋದ ವರ್ಷ ಆಡಿ, ಅಂದರೆ ಆಷಾಢ, ಕಳೆಯಲು ತವರಿಗೆ ಬಂದ ಸೆಲ್ವಿಯನ್ನು ಕರೆದೊಯ್ಯಲು ಮೊರಪ್ಪೂರಿನ ಗಂಡನ ಮನೆಯಿಂದ ಇವತ್ತಿನವರೆಗೂ ಯಾರೂ ಬಂದಿಲ್ಲ. ಸೆಲ್ವಿಯ ಹೆಸರು ಎತ್ತಿದಾಗಲೆಲ್ಲ ಭುವನಾ ಅಡುಗೆಮನೆಗೆ ಎದ್ದುಹೋಗುತ್ತಾಳೆ. ಆದರೂ ಆ ವಿಡಿಯೋವನ್ನು ಇಷ್ಟು ದಿನ ಇಟ್ಟುಕೊಂಡಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ದನಿ ತಗ್ಗಿಸಿ ನೋಡುತ್ತಿದ್ದಳು. ನೋಡುತ್ತಿದ್ದದ್ದು ಅತ್ತೆಯ ನೆನಪಿಗೆ ಅಲ್ಲ. ತನ್ನನ್ನೇ.

"ಏನತ್ತಿಗೆ ಇದು?" ವಾಣಿ ತೆರೆಯನ್ನು ಮೇಲಕ್ಕೆ ತಳ್ಳುತ್ತಿದ್ದಳು. "ಬುಟ್ಟಿ ತುಂಬಾ ಸೀರೆ ಡಿಸೈನು. ನವಿಲು, ನವಿಲು, ಮಾವಿನಕಾಯಿ, ಮತ್ತೂ ನವಿಲು. ನಿಮ್ಮ ಮುದಲಾಳಿಗೆ ಬೇರೆ ಅಕ್ಕಿಪಕ್ಷಿನೇ ಗೊತ್ತಿಲ್ವಾ?"

"ಕಾಗೆ ನೇಯ್ದು ಕೊಟ್ರೆ ನೀನು ಉಡ್ತೀಯೇನ್ಲೇ?" ಒಳಗಿಂದ ಕೃಷ್ಣಪ್ರಸಾದ್ ಕೂಗಿದ.

"ನೀನು ನೇಯ್ದು ಕೊಡಣ್ಣ ಮೊದ್ಲು. ತಂಗಿಗೆ ಅಂತ ಒಂದು ಕಾಗೆನಾದ್ರೂ ಕೊಟ್ಟಿದ್ದೀಯಾ?"

ಅವನು ನಕ್ಕ. ಲಾಳಿ ಹೋಗಿ ಬರುವ ಸದ್ದು ಮುಂದುವರಿಯಿತು. ಭುವನಾ ಕಿತ್ತ ಎಳೆಯ ತುದಿ ಹುಡುಕುತ್ತಿದ್ದಳು. ರೇಷ್ಮೆಯ ತುದಿ ಕಣ್ಣಿಗೆ ಸಿಗುವುದಿಲ್ಲ, ಉಗುರಿನಿಂದ ತಡವಬೇಕು. ತಡವಿದಳು. ಸಿಗಲಿಲ್ಲ. "ವಾಣಿ, ಕಾಫಿ ಕುಡೀತೀಯಾ? ಬಸ್ಸಿನಾಗೆ ಬಂದಿದ್ದೀಯ. ಅದನ್ನ ಆಮೇಲೆ..."

"ಸಿಕ್ತು!" ಎಂದಳು ವಾಣಿ. "ಸಿಕ್ತಣ್ಣಾ! ಇದೇ ಇರ್ಬೇಕು. ವಿಡಿಯೋ ಇರೋದೇ ಒಂದು."

ಒತ್ತಿದಳು.

ಮೊದಲು ಬಳೆಗಳ ಸದ್ದು. ಆಮೇಲೆ ಕೆಮ್ಮು. ಆಮೇಲೆ ವೆಂಕಟಲಕ್ಷ್ಮಮ್ಮನ ದನಿ ಪಡಸಾಲೆಗೆ ಬಂತು. ನೆಗಡಿ ಹಿಡಿದಂತಿದ್ದ, ತುಸು ಒರಟಾದ, ಯಾವಾಗಲೂ ಯಾರನ್ನೋ ಬೈಯಲು ಹೊರಟಂತಿದ್ದ ದನಿ.

"ಯಾರೇ ಏಳಿದ್ದು ಅದನ್ನ ಉಡಾಕೆ?"

ಮಗ್ಗ ನಿಂತಿತು.

ಫೋನಿನೊಳಗಿನ ಭುವನಾ ಏನೋ ತೊದಲಿದಳು. "ಇಲ್ಲ ಅತ್ತೆ, ಉದ್ದ ಸರಿಯಾಗೈತಾ ಅಂತ ನೋಡ್ತಿದ್ದೆ."

"ಉದ್ದ ನೋಡಾಕೆ ತಲೆಗೆ ಊವು ಯಾಕೇ ಮುಡ್ಕಂಡೆ?"

ಒಳಗಿನಿಂದ ಕೃಷ್ಣಪ್ರಸಾದ್ "ಅಮ್ಮ" ಎಂದ. ಅಷ್ಟೇ. ಗುಂಡಿಯಿಂದ ಏಳುವ ಸದ್ದು ಕೇಳಲಿಲ್ಲ.

ವಾಣಿಯ ಮುಖವನ್ನು ಭುವನಾ ನೋಡಿದಳು. ನೋಡಬಾರದೆಂದುಕೊಂಡೂ ನೋಡಿದಳು. ಮೊದಲು ಅದರಲ್ಲಿ ಅಮ್ಮನ ದನಿ ಸಿಕ್ಕ ಬೆಳಕಿತ್ತು. ಕಣ್ಣು ತುಂಬಿತ್ತು. ಆಮೇಲೆ ಆ ಕಣ್ಣು ತೆರೆಯ ಮೇಲೆ ನಿಂತು, ಸಣ್ಣದಾಯಿತು. ಅಂಚನ್ನು ಗುರುತಿಸಿದಳು. ಸೆರಗನ್ನು ಗುರುತಿಸಿದಳು. ತಾನೇ ತಟ್ಟೆಯಲ್ಲಿಟ್ಟು ಮಗಳಿಗೆ ಕೊಟ್ಟ ಸೀರೆಯನ್ನು ತಾಯಿ ಗುರುತಿಸದೆ ಇರುತ್ತಾಳೆಯೇ?

ದನಿ ಮುಂದುವರಿಯುತ್ತಿತ್ತು. "ಬಿಚ್ಚು. ಸೆಲ್ವೀದು ಅದು." ಮತ್ತೆ ಕೆಮ್ಮು. ಆಮೇಲೆ ತಗ್ಗಿದ ದನಿಯಲ್ಲಿ, "ಎಲ್ಲಿ, ಒಂದ್ಸಲ ತಿರುಗು. ಇತ್ಲಾಗೆ. ಅಯ್ಯ, ಸೆರಗು ಇಂಗ್ ಬಂದೈತಾ? ಇಷ್ಟು ವರ್ಷ ರಾಟೆ ತಿರುವಿದೆ, ಮೈಮೇಲೆ ಎಂಗ್ ಕಾಣ್ತದೆ ಅಂತ ಇಷ್ಟು ಅತ್ರದಾಗೆ ನೋಡಿರ್ಲಿಲ್ಲ ಕಣೇ. ಸರಿ ಸರಿ, ಬಿಚ್ಚು. ವಾಣಿ ಬರೋ ಒತ್ತಾತು. ಅವಳು ನೋಡಿದ್ರೆ ನೊಂದ್ಕತಾಳೆ."

ಅಲ್ಲಿಗೆ ಮುಗಿಯಿತು.

"ಇನ್ನೊಂದ್ಸಲ ಆಕು," ಎಂದ ಕೃಷ್ಣಪ್ರಸಾದ್. ಅವನ ದನಿ ಒದ್ದೆಯಾಗಿತ್ತು. "ಏನಂದ್ಲು ಅಮ್ಮ? ಏನೋ ಸೆರಗು ಅಂದ್ಲಲ್ಲ. ಇಲ್ಲಿ ತತ್ತಾ, ನಾನೂ ನೋಡ್ತೀನಿ."

ಭುವನಾ ರಾಟೆಯ ಹಿಡಿ ಬಿಟ್ಟಳು. ಈಗ ಸಿಕ್ಕಿಬಿದ್ದೆ ಅಂದುಕೊಂಡಳು.

ವಾಣಿ ಫೋನನ್ನು ಮಡಿಲಿಗೆ ಕವುಚಿ ಹಾಕಿದಳು. "ನೋಡಾಕೆ ಏನೂ ಇಲ್ಲಣ್ಣ. ಕ್ಯಾಮೆರಾ ಕೆಳಗೆ ಮಕ ಮಾಡೈತೆ. ಎಲ್ಲಾ ಕಪ್ಪು. ದನಿ ಮಾತ್ರ ಬಂದೈತೆ. ಅತ್ತಿಗೆ ಸೆಲ್ವೀದು ಯಾವ್ದೋ ಅಳೇ ಸೀರೆ ಉಟ್ಟಿದ್ದಕ್ಕೆ ಬೈತಾವ್ಳೆ ಅಷ್ಟೇ."

"ಬೈದ್ಲಲ್ಲ, ಅದು ಸಾಕು," ಎಂದ ಅವನು. ಮೂಗು ಸೀಟಿದ. ಲಾಳಿ ಮತ್ತೆ ಓಡಿತು.

ಭುವನಾ ಎದ್ದು ಅಡುಗೆಮನೆಗೆ ಹೋದಳು. ಹಾಲನ್ನು ಒಲೆಗೆ ಇಟ್ಟು ಅದನ್ನೇ ನೋಡುತ್ತ ನಿಂತಳು. ಗಂಡನ ಮುಂದೆ ವಾಣಿ ತನ್ನನ್ನು ಹಿಡಿದುಕೊಟ್ಟಿದ್ದರೆ ಇಷ್ಟು ಕೆಡುಕೆನ್ನಿಸುತ್ತಿರಲಿಲ್ಲ. ಅತ್ತು, ಬೈಸಿಕೊಂಡು, ಮುಗಿಯುತ್ತಿತ್ತು. ತನಗಾಗಿ ಅವಳು ಸುಳ್ಳು ಹೇಳಿದಳು. ತನ್ನದೇ ಸುಳ್ಳಿನ ಮೇಲೆ ಇನ್ನೊಂದು.

ವಾಣಿ ಹಿಂದೆಯೇ ಬಂದು ಬಾಗಿಲಿಗೆ ಒರಗಿದಳು.

"ಬೆರಳು ತಾಕಿತಾ ಅತ್ತಿಗೆ?"

ಭುವನಾ ತಲೆಯಾಡಿಸಿದಳು. ಇಲ್ಲ.

"ಅಮ್ಮನ ದನಿ ಅದೊಂದೇ ಇದ್ದದ್ದು ಅಂತ ಗೊತ್ತಿತ್ತು ತಾನೇ ನಿಂಗೆ?"

"ಗೊತ್ತಿತ್ತು."

ಹಾಲು ಉಕ್ಕಿ ಬಂತು. ವಾಣಿಯೇ ಕೈಚಾಚಿ ಒಲೆ ಆರಿಸಿದಳು.

"ಅದನ್ನ ಉಟ್ಟಿದ್ದಕ್ಕೆ ಸೆಲ್ವಿಗೆ ಇಂಗಾಯ್ತು ಅಂತ ನೀನು ಅಂದ್ಕಂಡಿದ್ದೀಯ. ಅದಕ್ಕೇ ಅವಳ ಎಸರು ಬಂದ್ರೆ ಎದ್ದು ಓಡ್ತೀಯ. ನಾನೂ ಯಾಕಪ್ಪಾ ಅತ್ತಿಗೆ ಇಂಗ್ ಮಾಡ್ತಾಳೆ, ನನ್ನ ಮಗಳು ವಾಪಸ್ ಬಂದಿದ್ದು ಇವಳಿಗೆ ಕೇವಲವಾಯ್ತಾ ಅಂದ್ಕಂಡಿದ್ದೆ."

"ಅಯ್ಯೋ, ಅಂಗಲ್ಲ ವಾಣಿ."

"ಆ ಗಂಡು ಕುಡೀತಾನೆ. ಮದ್ವೆಗೆ ಮೊದ್ಲೂ ಕುಡೀತಿದ್ದ, ನಾವು ವಿಚಾರಿಸ್ಲಿಲ್ಲ. ಅದಕ್ಕೆ ಸೀರೆ ಏನ್ ಮಾಡ್ತದೆ?" ವಾಣಿ ಲೋಟಗಳನ್ನು ತೆಗೆದು ಸಾಲಾಗಿ ಇಟ್ಟಳು. ಕಾಫಿ ಸುರಿಯುವುದನ್ನು ನೋಡಿದಳು. ಆಮೇಲೆ ಬೇರೆ ಕಡೆ ತಿರುಗಿ ಹೇಳಿದಳು, "ಆದ್ರೂ ನೀನು ಉಡಬಾರ್ದಿತ್ತು ಅತ್ತಿಗೆ."

ಆ "ಆದ್ರೂ" ಭುವನಾಳ ಎದೆಯೊಳಗೆ ಹೋಗಿ ಕೂತಿತು. ಅದು ಸರಿಯಾದ ಮಾತೆಂದೇ ಅವಳಿಗೆ ಅನ್ನಿಸಿತು. ಕ್ಷಮಿಸು ಎನ್ನಲು ಬಾಯಿ ತೆರೆದಳು. ಬಾಯಿಗೆ ಬಂದದ್ದು, "ಸಕ್ಕರೆ ಸಾಕಾ?" ಎಂಬ ಮಾತು.

"ಸಾಕು."

ಮಧ್ಯಾಹ್ನ ಊಟವಾದ ಮೇಲೆ ವಾಣಿ ವಿಡಿಯೋವನ್ನು ಬುಟ್ಟಿಯಿಂದ ಹೊರತೆಗೆದು ತನ್ನ ಫೋನಿಗೆ ಕಳಿಸಿಕೊಂಡಳು. ಊಟದ ಹೊತ್ತಿನಲ್ಲಿ ಅಣ್ಣನೊಂದಿಗೆ ಎಂದಿನಂತೆ ಜಗಳವಾಡಿದಳು, ವರ್ಷದ ದಿನಕ್ಕೆ ಯಾರ್ಯಾರನ್ನು ಕರೆಯಬೇಕು, ವಡೆಗೆ ಎಷ್ಟು ಉದ್ದು ನೆನೆಹಾಕಬೇಕು ಎಂದೆಲ್ಲ ಮಾತಾಡಿದಳು. ಭುವನಾಳ ಜೊತೆಗೂ ಮಾತಾಡಿದಳು. ಆದರೆ ಅವಳ ಮುಖ ನೋಡಿ ಅಲ್ಲ.

ಮೆಟ್ಟೂರು ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುವಾಗ ಫೋನನ್ನು ಭುವನಾಳ ಕೈಗೆ ಕೊಟ್ಟು ದನಿ ತಗ್ಗಿಸಿದಳು. "ನಂಗೆ ಬೇಕಾದ್ದು ನಾನು ತಗಂಡೆ. ಚಿತ್ರ ತೆಗೆದು, ಸೆಲ್ವಿ ಎಸರು ಬರೋದನ್ನೂ ಕತ್ತರಿಸಿ, ದನಿ ಮಾತ್ರ ಇಟ್ಕಂತೀನಿ. ಸೆಲ್ವಿಗೂ ಅಷ್ಟೇ ಕೇಳ್ಸೋದು. ನಿಂದ್ರಾಗೆ ಇರೋದನ್ನ ಅಳಿಸಿಬಿಡು. ಅಳಿಸಿದ್ಮೇಲೆ ಬುಟ್ಟಿನಾಗೂ ಅಳಿಸು. ಆಮೇಲೆ ಯಾರ್ಗೂ ಸಿಗಲ್ಲ."

"ಊಂ," ಎಂದಳು ಭುವನಾ.

ವಾಣಿ ಬೀದಿಯ ತಿರುವು ದಾಟುವವರೆಗೆ ಭುವನಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ರಾಟೆಯ ಮುಂದೆ ಕೂತಳು. ಬೆಳಿಗ್ಗೆ ಕಿತ್ತ ಎಳೆ ಹಾಗೆಯೇ ಇತ್ತು. ಅದಕ್ಕೆ ಕೈ ಹಾಕದೆ ಫೋನನ್ನು ತೆರೆದಳು. ದನಿಯನ್ನು ಪೂರ್ತಿ ತಗ್ಗಿಸಿ ವಿಡಿಯೋ ನೋಡಿದಳು. ಕನ್ನಡಿಯ ಮುಂದೆ ಒಬ್ಬ ಹೆಂಗಸು ತಿರುಗುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಅತ್ತೆ ತಿರುಗು ಅಂದ ಕೂಡಲೇ ಆ ಹೆದರಿಕೆ ಹೋಗಿ ಇನ್ನೇನೋ ಬಂತು. ಎಷ್ಟೋ ಸಲ ನೋಡಿದ್ದರೂ ಅವಳು ಇವತ್ತು ಅದನ್ನು ಬೇರೆ ಕಣ್ಣಿನಿಂದ ನೋಡಿದಳು. ಇದನ್ನು ಮುಚ್ಚಿಡಲು ತಾನು ಒಬ್ಬ ಮಗಳಿಗೆ ಅವಳ ತಾಯಿಯ ದನಿ ಇಲ್ಲದಂತೆ ಮಾಡಲು ಹೊರಟಿದ್ದಳು. ಸೀರೆ ಉಟ್ಟದ್ದಕ್ಕಿಂತ ಅದೇ ಈಗ ಹೆಚ್ಚು ಸುಡುತ್ತಿತ್ತು. ಉಟ್ಟದ್ದನ್ನು ವಾಣಿ ಮುಚ್ಚಿಹಾಕಿ ಕೊಟ್ಟಿದ್ದಾಳೆ. ಇನ್ನು ಅವಳೂ ತನ್ನ ಮಗಳಿಗೆ ಅರ್ಧ ಕೇಳಿಸಿ ಅರ್ಧ ಬಚ್ಚಿಡಬೇಕು.

ಬೆರಳು ಅಳಿಸುವ ಗುರುತಿನ ಮೇಲೆ ಹೋಯಿತು. ಈ ವಿಡಿಯೋವನ್ನು ಅಳಿಸಲೇ ಎಂದು ಫೋನು ತಮಿಳಿನಲ್ಲಿ ಕೇಳಿತು.

ವರ್ಷದ ದಿನ ಸೆಲ್ವಿ ಬರುತ್ತಾಳೆ. ಗಂಡನ ಮನೆಯಿಂದ ಬಂದ ಮೇಲೆ ಅವಳು ಯಾವ ಮನೆಗೆ ಹೋದರೂ ಮೂಲೆಯಲ್ಲಿ ಕೂರುತ್ತಾಳೆ, ತನ್ನಲ್ಲೇ ಏನೋ ತಪ್ಪಿದೆ ಎನ್ನುವವಳ ಹಾಗೆ. ಇಷ್ಟು ದಿನ ಭುವನಾ ಅವಳ ಪಕ್ಕದಲ್ಲಿ ಒಂದು ಗಳಿಗೆ ಕೂತಿರಲಿಲ್ಲ.

"ಕಂಡಿಕೆ!" ಎಂದು ಒಳಗಿಂದ ಕೂಗು ಬಂತು. ಆಮೇಲೆ, "ಏನ್ಮಾಡ್ತಿದ್ದೀಯೇ? ಅಳಿಸಿ ಗಿಳಿಸೀಯಾ ಮತ್ತೆ, ಅಮ್ಮನ ದನಿ ಐತೆ ಅದ್ರಾಗೆ."

"ಇಲ್ಲ," ಎಂದಳು.

ಬೇಡ ಎನ್ನುವುದನ್ನು ಒತ್ತಿದಳು. ವಿಡಿಯೋ ಇದ್ದಲ್ಲೇ ಉಳಿಯಿತು. ವರ್ಷದ ದಿನ ಸೆಲ್ವಿಯನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಫೋನನ್ನು ಅವಳ ಕೈಗೇ ಕೊಡಬೇಕು. ಚಿತ್ರ ಸಮೇತ. ಅವಳು ನೋಡಿ ಮುಗಿಸುವವರೆಗೆ ಎದುರಿಗೆ ನಿಂತಿರಬೇಕು, ಒಲೆಯ ಕಡೆ ತಿರುಗಬಾರದು. ಅವಳು ಏನಂದರೂ ಕೇಳಿಸಿಕೊಳ್ಳಬೇಕು.

ವಾಣಿಗೆ ಇದನ್ನು ಹೇಳಲಾಗದು. ಹೇಳಿದರೆ ಅವಳು ಬೇಡವೆನ್ನುತ್ತಾಳೆ, ಹಾಗೆ ಅಂದರೆ ತನಗೆ ನಿರಾಳವಾಗಿಬಿಡುತ್ತದೆ.

ಫೋನನ್ನು ಗೂಡಿನಲ್ಲಿಟ್ಟು, ಉಗುರಿನಿಂದ ಎಳೆಯ ತುದಿ ತಡವಿದಳು. ಈ ಸಲ ಸಿಕ್ಕಿತು. ಗಂಟು ಹಾಕಿ ರಾಟೆ ತಿರುಗಿಸಿದಳು.